ಕೊರಳಿನ ಪಾಠ

ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿ ಫಿಲೋಮಿನಾ ಟೀಚರ್ ಮಾತು ಕಲಿಸುತ್ತಿದ್ದುದು ತಮ್ಮ ಕೊರಳಿನಿಂದ. ಮಗುವಿನ ಅಂಗೈಯನ್ನು ಗಂಟಲಿಗೆ ಒತ್ತಿಕೊಂಡು, ದನಿ ನಡುಗುವುದನ್ನು ಅದು ಮುಟ್ಟಿ ತಿಳಿಯುವಂತೆ ಮಾಡುತ್ತಿದ್ದರು. ಶಶಿರೇಖಾಳ ಮಗಳು ಹಾಗೆ ಎರಡು ವರ್ಷ ಕಲಿತು ಈಗ 'ಅ' ಅನ್ನುತ್ತಿದ್ದಳು. 'ಮ್ಮ' ಇನ್ನೂ ಬರಬೇಕಿತ್ತು.

ಅಷ್ಟರಲ್ಲಿ, ಟೀಚರ್ ಬದಲು ತನ್ನ ಚಾಟ್‌ಬಾಟ್ ಪಾಠ ಮಾಡಲಿ ಎಂದು ಒಂದು ಕಂಪನಿ ಬಂದಿತು. ಶಾಲೆಯ ಕಾರ್ಯದರ್ಶಿಗಳು ಮಾತ್ರ, "ಮೆಷಿನ್ನು ಸುಳ್ಳು ಹೇಳಿದ್ರೆ ಏನ್ರೀ ಗತಿ?" ಎಂದು ಸಹಿ ಹಾಕದೆ ಕೂತಿದ್ದರು.

ಪಾಲಕರ ಸಭೆ ಕರೆದರು. ಕಂಪನಿಯವನು ತಂದು ಮೇಜಿನ ಮೇಲಿಟ್ಟಿದ್ದ ಚಾಟ್‌ಬಾಟನ್ನೇ ಶಶಿರೇಖಾ ಕೇಳಿದಳು: "ನೀನೇ ಹೇಳಪ್ಪ. ನಮ್ಮ ಟೀಚರನ್ನ ಬಿಡಿಸಿ ನಿನ್ನ ಇಟ್ಕೊಳ್ಳೋದು ಸರಿನಾ?"

"ಸರಿಯಲ್ಲ," ಎಂದಿತು ಅದು. "ನನ್ನ ಕಂಪನಿಯ ಈ ಯೋಜನೆ ತಪ್ಪು. ಮಕ್ಕಳು ಮುಟ್ಟಿ ನೋಡಲು ನನಗೆ ಕೊರಳಿಲ್ಲ. ಅವರಿಗೆ ಟೀಚರೇ ಬೇಕು."

ಕಂಪನಿಯವನ ಮುಖ ಹುಳ್ಳಗಾಯಿತು.

"ಕೇಳಿದ್ರಾ ಸರ್? ಅದೇ ಒಪ್ಕೊಳ್ತು!" ಶಶಿರೇಖಾಳ ಕಣ್ಣು ತುಂಬಿಬಂದವು. ಹಿಂದಿನ ಸಾಲಿನಲ್ಲಿ ಮಗಳು, ಏನೂ ತಿಳಿಯದೆ, ಟೀಚರ್ ಕೊರಳ ಮೇಲೆ ಕೈಯಿಟ್ಟುಕೊಂಡೇ ಕೂತಿದ್ದಳು.

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿಕೊಂಡರು. ತಿಂಗಳಿಂದ ಗಂಟಿಕ್ಕಿದ್ದ ಅವರ ಹುಬ್ಬು ಸಡಿಲವಾಗಿತ್ತು.

"ಸಾಕಿದವರ ತಪ್ಪನ್ನ ಅವರೆದುರಿಗೇ ಹೇಳತ್ತಲ್ಲಮ್ಮ! ಇಷ್ಟು ಪ್ರಾಮಾಣಿಕ ಮೇಷ್ಟ್ರು ಇನ್ನೆಲ್ಲಿ ಸಿಗ್ತಾರೆ?" ಎನ್ನುತ್ತ ಅವರು ಕಂಪನಿಯ ಕಾಗದಕ್ಕೆ ಸಹಿ ಹಾಕಿದರು.