ನೀಲಿಯ ಪಾಲು

ಸಂಜೆ ಸಿದ್ದರಾಜು ತಾರಸಿಯಲ್ಲಿ ನಿಂತು ಶಿಳ್ಳೆ ಹಾಕಿದ. ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹಬ್ಬಿದ ಮೇಲೂ ಪಾರಿವಾಳದ ಹುಚ್ಚು ಅವನನ್ನು ಬಿಟ್ಟಿರಲಿಲ್ಲ. ಮೂತ್ರದ ಚೀಲವನ್ನು ತೊಡೆಗೆ ಕಟ್ಟಿಕೊಂಡೇ ಮೆಟ್ಟಿಲು ಹತ್ತುತ್ತಿದ್ದ.

ಎಂದಿನಂತೆ ಮೊದಲು ಸತ್ತ ಹಕ್ಕಿಗಳು ಇಳಿದವು, ಆಮೇಲೆ ಬದುಕಿದ್ದವು. ಊರಿನ ಎಲ್ಲ ಗೂಡುಗಳಲ್ಲೂ ಹೀಗೆಯೇ. ಸತ್ತವು ತಪ್ಪದೆ ಬರುತ್ತವೆ, ಆದರೆ ಬದುಕುವವರ ಕೈಯಿಂದ ಒಂದು ಕಾಳೂ ಮುಟ್ಟುವುದಿಲ್ಲ. ಆದರೂ ಅವುಗಳ ಪಾಲಿನ ಜೋಳ ಹಿಡಿಯುವುದು ವಾಡಿಕೆ.

ಹೋದ ವರ್ಷ ಗಿಡುಗನಿಗೆ ಸಿಕ್ಕಿ ಸತ್ತಿದ್ದ ನೀಲಿ ಅವನ ಮಣಿಕಟ್ಟಿನ ಮೇಲೆ ಕೂತಿತು. ಅಂಗೈಯಲ್ಲಿದ್ದ ಜೋಳವನ್ನು ಹೆಕ್ಕತೊಡಗಿತು.

ಟೀ ತಂದ ಹೆಂಡತಿ ಜಯಶೀಲಾ ಲೋಟ ಬಿಸಾಕಿ ಓಡಿಬಂದಳು. "ರೀ, ಕೈ ಮುಚ್ಕೊಳ್ಳಿ! ಮೊದ್ಲು ಕೈ ಮುಚ್ಕೊಳ್ಳಿ!" ಎಂದು ಅವನ ಬೆರಳುಗಳನ್ನು ಮಡಚಲು ನೋಡಿದಳು.

ಸಿದ್ದರಾಜು ಬಿಡಲಿಲ್ಲ.

"ತಿನ್ಲಿ ಬಿಡೇ," ಎಂದ. "ಪಾಪ, ಎಷ್ಟು ದಿನದಿಂದ ಹಸ್ಕೊಂಡಿತ್ತೋ."