ಗಡಿಯಾಚೆಗೆ ಮಾರುತೇಶ ಬರೆದದ್ದು

ತೀರಿಕೊಂಡು ಎರಡು ತಿಂಗಳಾಗಿದ್ದ ಮಾರುತೇಶ ಆ ಬೆಳಿಗ್ಗೆಯೂ ಢಾಕಾಕ್ಕೆ ಮೆಸೇಜು ಕಳಿಸಿದ: "ಶಫಿ ಭಾಯ್, ಮಾಲು ರೆಡಿ ಇದೆ. ಗೇಟು ತೆಗೆದ ದಿನವೇ ಗಾಡಿ ಬಿಡುತ್ತೇನೆ."

ಯಶೋದಾ ಗಂಡನ ಫೋನನ್ನು ಕ್ರೇಟಿನ ಮೇಲಿಟ್ಟು ಮತ್ತೆ ದಾಳಿಂಬೆ ಆರಿಸಲು ಕೂತಳು.

ಅತ್ತೆ ಚಂದ್ರಕ್ಕ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ಸತ್ತೋನ ಹೆಸ್ರಾಗೆ ಇನ್ನೂ ಎಷ್ಟು ದಿನ ಬರೀತೀಯವ್ವ? ಇವತ್ತಲ್ಲ ನಾಳೆ ಆಯಪ್ಪಂಗೆ ಗೊತ್ತಾಗೇ ಆಗ್ತೈತೆ."

"ಒಂದು ಗಾಡಿ ಆಚೆ ದಾಟ್ಲಿ ಅತ್ತೆ. ಆಮೇಲೆ ನಾನೇ ಹೇಳ್ತೀನಿ."

ಹೊಸದುರ್ಗ ತಾಲ್ಲೂಕಿನ ಈ ಶೆಡ್ಡಿನ ದಾಳಿಂಬೆ ಢಾಕಾಕ್ಕೆ ಹೋಗುತ್ತಿದ್ದುದು ಇಬ್ಬರ ಮಾತಿನ ಮೇಲೆ. ಇತ್ತ ಮಾರುತೇಶ, ಅತ್ತ ಶಫಿಕುಲ್. ಒಬ್ಬರ ಮುಖ ಒಬ್ಬರು ನೋಡಿದವರಲ್ಲ. ಶಫಿಕುಲ್ ಹೊತ್ತು ಗೊತ್ತಿಲ್ಲದೆ ಫೋನು ಮಾಡಿ, ಬಣ್ಣ ಸಾಲದು, ಸಿಪ್ಪೆ ದಪ್ಪ ಎಂದು ಕೂಗಾಡುತ್ತಿದ್ದ. ಅವನ ಹಿಂದಿ ಕೇಳಿ ಮಾರುತೇಶ ಹೊಟ್ಟೆ ಹಿಡಿದು ನಗುತ್ತಿದ್ದ. "ಬಂಗಾಳಿಗಳ ಹಿಂದಿಯಲ್ಲಿ ಗಂಡೂ ಒಂದೇ, ಹೆಣ್ಣೂ ಒಂದೇ ಕಣೇ."

ಆಮೇಲೆ ಆಚೆ ಸರ್ಕಾರ ಬದಲಾಯಿತು. ಅವರ ಮಂತ್ರಿ ಏನೋ ಅಂದ, ನಮ್ಮ ಮಂತ್ರಿ ಅದಕ್ಕೆ ಏನೋ ಅಂದ. ಇಲ್ಲಿ ಅವರ ಬಟ್ಟೆ ತಡೆದರು, ಅಲ್ಲಿ ನಮ್ಮ ಹಣ್ಣು ತಡೆದರು. ಗಡಿಯ ಗೇಟು ಬಿತ್ತು. ಹೋದ ಲೋಡು ಗಡಿಯಲ್ಲೇ ಕೊಳೆಯಿತು. ಬೆಳೆಗಾರರಿಗೆ ಸಮಾಧಾನ ಹೇಳಲು ಹೊಳಲ್ಕೆರೆ ಕಡೆ ಹೋದ ಮಾರುತೇಶ ವಾಪಸು ಬರಲಿಲ್ಲ. ತಿರುವಿನಲ್ಲಿ ಬೈಕು ಲಾರಿಗೆ ಸಿಕ್ಕಿತ್ತು.

ಯಶೋದಾ ಅಳಲಿಲ್ಲ. ಅಳು ಬರಲೇ ಇಲ್ಲ. ತಿಥಿಯ ಮಾರನೆಯ ದಿನ ಶೆಡ್ಡಿನ ಬೀಗ ತೆಗೆದಳು. ಹಣ್ಣು ಆರಿಸುವ ಹೆಂಗಸರು ಆಗಲೇ ಬಂದು ಹೊರಗೆ ಕೂತಿದ್ದರು. ಫೋನಿನಲ್ಲಿ ಶಫಿಕುಲ್‌ನ ಮೆಸೇಜು ಕಾದಿತ್ತು: "ಮಾರುತೇಶ್ ಭಾಯ್, ಕೈ ಬಿಡಬೇಡಿ."

ಇದ್ದದ್ದು ಹೇಳಿದರೆ, ಗುರುತಿಲ್ಲದ ಹೆಂಗಸನ್ನು ನಂಬುವ ಬದಲು ಅವನು ಬೇರೆ ಊರಿನ ವ್ಯಾಪಾರಿಯನ್ನು ಹಿಡಿಯುತ್ತಾನೆ. ಶೆಡ್ಡು ಮುಚ್ಚುತ್ತದೆ. "ಬಿಡಲ್ಲ" ಎಂದು ಬರೆದಳು.

ಪುಣ್ಯಕ್ಕೆ ಅವನು ಫೋನು ಮಾಡುವುದನ್ನೇ ನಿಲ್ಲಿಸಿದ್ದ. ಬರೀ ಮೆಸೇಜು. ಸಿಪ್ಪೆಯ ಮಾತಿಲ್ಲ, ಬಣ್ಣದ ಮಾತಿಲ್ಲ. ಒಮ್ಮೆ, ಮನೆಯಲ್ಲಿ ಎಲ್ಲರೂ ಸರಿಯಾಗಿ ಊಟ ಮಾಡುತ್ತಿದ್ದೀರಾ ಎಂದು ಕೇಳಿದ. ಇನ್ನೊಮ್ಮೆ, ಕಾಯುತ್ತ ಕೂತಿದ್ದೇನೆ ಎನ್ನುವುದನ್ನು ಹಿಂದಿಯಲ್ಲಿ ಹೆಂಗಸರು ಹೇಳುವಂತೆ ಬರೆದ. ಮಾರುತೇಶ ಇದ್ದಿದ್ದರೆ ನಗುತ್ತಿದ್ದ. ಯಶೋದಾಗೆ ನಗು ಬರಲಿಲ್ಲ. ನಾಳೆ ತೆಗೆಯುತ್ತಾರೆ ಎಂದು ಉತ್ತರಿಸಿ ಅನ್ನಕ್ಕಿಟ್ಟಳು.

ಕೊನೆಗೂ ಗೇಟು ತೆಗೆದರು. ಟಿವಿಯಲ್ಲಿ ಇಬ್ಬರು ಮಂತ್ರಿಗಳು ಕೈ ಕುಲುಕಿದರು. ಡ್ರೈವರ್ ಪರಮೇಶ್ ಲೋಡು ಮಾಡಿದ. ಚಂದ್ರಕ್ಕ ಗಾಲಿಯಡಿಗೆ ನಿಂಬೆಹಣ್ಣಿಟ್ಟಳು. ಗಾಡಿ ಹಿರಿಯೂರಿನ ದಾರಿ ಹಿಡಿದಾಗ ಯಶೋದಾಗೆ ಖುಷಿಯೂ ಆಗಲಿಲ್ಲ, ಭಯವೂ ಆಗಲಿಲ್ಲ.

ಗಡಿ ಮುಟ್ಟಿದ ದಿನ ಪರಮೇಶ್ ಫೋನು ಮಾಡಿದ. "ಯಶೋದಕ್ಕಾ, ಹಣ್ಣು ಇಳಿಸ್ಕಳಕೆ ಆಚೆ ಗಾಡಿ ಬಂದಿಲ್ಲ. ಆ ಭಾಯ್ ಮೆಸೇಜ್ ನೋಡ್ತಿಲ್ಲ. ನೀವೇ ಫೋನ್ ಹಚ್ಚಿ ಮಾತಾಡ್ರಿ. ಸಂಜೀಕೆ ಮತ್ತೆ ಗೇಟ್ ಹಾಕ್ತಾರಂತೆ."

ಇನ್ನು ಮುಚ್ಚಿಡುವಂತಿರಲಿಲ್ಲ. ಶೆಡ್ಡಿನ ಹೆಂಗಸರ ಕೈ ನಿಂತಿತು. ಚಂದ್ರಕ್ಕ ಸೊಸೆಯ ಪಕ್ಕ ಬಂದು ಕೂತಳು. "ಹೇಳ್ಬಿಡವ್ವ. ಏನಾಗ್ತೈತೋ ಆಗ್ಲಿ."

ಅವರ ಹೆಂಡತಿ ನಾನು, ಅವರು ಈಗಿಲ್ಲ ಎನ್ನುವುದನ್ನು ಯಶೋದಾ ಹಿಂದಿಯಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡಳು. ನಂಬರ್ ಒತ್ತಿದಳು. ಬಹಳ ಹೊತ್ತು ರಿಂಗಾಯಿತು. ಆಚೆ ಎತ್ತಿದರು. ಕೂಗಾಟ ಕೇಳಲಿಲ್ಲ. ಯಶೋದಾ ಬಾಯಿ ತೆರೆಯುವ ಮೊದಲೇ ಹೆಣ್ಣು ದನಿಯೊಂದು ಹೇಳಿತು:

"ಮಾರುತೇಶ್ ಭಾಯ್, ಸಿಟ್ಟಾಗಬೇಡಿ, ನಾನು ಶಫಿಕುಲ್ ಹೆಂಡತಿ. ಗೇಟು ಬಿದ್ದ ವಾರವೇ ಅವರು ತೀರಿಹೋದರು. ಇಷ್ಟು ದಿನ ನಿಮಗೆ ಬರೆದದ್ದು ನಾನು."