ಎಲೆರಸದ ಬಾಟಲಿ

ಅಮ್ಮ ಹೋದಳೆಂಬ ಸುದ್ದಿ ಕೇಳಿ ತಂಗಿ ಓಡೋಡಿ ಬಂದಾಗ ಅಣ್ಣ ಬಾಗಿಲಿಗೆ ಅಡ್ಡ ನಿಂತಿದ್ದ.

"ಒಳಗೆ ಕಾಲಿಟ್ಟೀಯೆ, ಜೋಕೆ! ನಿನ್ನ ಎಲೆರಸ ನಂಬಿಯೇ ಅಮ್ಮ ಆಸ್ಪತ್ರೆ ಬೇಡ ಅಂದದ್ದು. ಕಾಲಿನ ಹುಣ್ಣು ಮೈಯೆಲ್ಲ ನಂಜೇರಿಸಿತು."

"ಅಣ್ಣಾ, ಒಂದೇ ಒಂದು ಸಲ ಮುಖ ನೋಡ್ತೀನಿ."

"ಮೊದಲು ಬರೆದುಕೊಡು. 'ನನ್ನ ಔಷಧಿ ಯಾವ ಕೆಲಸಕ್ಕೂ ಬಾರದು, ಅದರಿಂದಲೇ ಅಮ್ಮ ಸತ್ತಳು' ಅಂತ. ನಿಮ್ಮ ಪ್ರಯೋಗಾಲಯದ ಮೇಷ್ಟ್ರಿಗೆ ನಾನೇ ಕಳಿಸ್ತೀನಿ."

ಸಹಿ ಹಾಕಿದರೆ ಎಂಟು ವರ್ಷದ ದುಡಿಮೆ ಮಣ್ಣುಪಾಲು. ಎಲೆ ಕುದಿಸಿ ಸೋಸಿದ ತಿಳಿಹಳದಿ ರಸಕ್ಕೆ ಬೆಳ್ಳಿಯ ಲವಣ ಬೆರೆಸುವುದು ಅವಳ ಕೆಲಸ. ಕೆಲವು ಗಂಟೆಗಳಲ್ಲಿ ರಸ ಕಂದು ಬಣ್ಣಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣದ ಬೆಳ್ಳಿಯ ನ್ಯಾನೊ ಕಣಗಳು ಹುಟ್ಟಿದವೆಂಬುದಕ್ಕೆ ಅದೇ ಗುರುತು. ಗಾಯದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಆ ಕಣಗಳೇ. ಹದಿನೈದು ದಿನದ ಹಿಂದೆ ಅಮ್ಮನ ಹಾಸಿಗೆಯ ಪಕ್ಕದಲ್ಲೇ ಒಂದು ಬಾಟಲಿ ಬೆರೆಸಿಟ್ಟು, "ನಾಳೆಯಿಂದ ಎರಡು ಹೊತ್ತೂ ಗಾಯ ತೊಳಿ" ಎಂದು ಅಣ್ಣನಿಗೆ ಹೇಳಿ ಬಸ್ಸಿಗೆ ಓಡಿದ್ದಳು.

"ನೀನು ತೊಳೆದೇ ಇಲ್ಲ!" ಎಂದಳು. "ಹುಟ್ಟಾ ಸೋಮಾರಿ ನೀನು."

ಅಣ್ಣ ಕೈಯೆತ್ತಿದ. ಒಳಗಿನಿಂದ ಬಂದ ಸೋದರಮಾವ ಆ ಕೈ ಹಿಡಿದರು. "ಹೆತ್ತವಳು ಇನ್ನೂ ಒಳಗೆ ಮಲಗಿದ್ದಾಳೆ. ನಾಚಿಕೆ ಆಗಲ್ವೇನ್ರೋ ನಿಮಗೆ?"

"ಇವಳ ಮಾತು ಕೇಳಿದಿರಾ ಮಾವ? ಒಂದು ಹೊತ್ತೂ ತಪ್ಪಿಸಿಲ್ಲ ನಾನು! ಇವಳು ಬೆರೆಸಿಟ್ಟದ್ದು ಬೆಳಗಾಗೋದರೊಳಗೆ ಕೊಳೆತು ಕಂದಾಗಿತ್ತು. ಅಂಥದ್ದನ್ನ ಅಮ್ಮನ ಗಾಯಕ್ಕೆ ಹಾಕ್ತೀನಾ? ಮೋರಿಗೆ ಚೆಲ್ಲಿದೆ. ಅದೇ ಗಿಡದ ಎಲೆ ಹುಡುಕಿ ತಂದು, ದಿನಾ ಹೊಸದಾಗಿ ಕುದಿಸಿ, ಈ ಕೈಯಾರೆ ತೊಳೆದೆ. ಏನು ಬಂತು ಭಾಗ್ಯ?"

ತಂಗಿ ಬಾಯಿ ತೆರೆದಳು. ರಸ ಕಂದಾಗುತ್ತದೆಂದು ತಾನು ಹೇಳಿರಲಿಲ್ಲ. ಪ್ರಯೋಗಾಲಯದಲ್ಲಿ ಅದನ್ನು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಅಣ್ಣನ ಬೆರಳುಗಳಲ್ಲಿ ಬಿಸಿ ಪಾತ್ರೆ ಸುಟ್ಟ ಬೊಬ್ಬೆಗಳಿದ್ದವು.

"ಏನೋ ಬೊಗಳೋಕೆ ಹೊರಟಿದ್ದೆಯಲ್ಲ, ಬೊಗಳು," ಅಣ್ಣ ಕೆಣಕಿದ.

"ಕಾಗದ ಕೊಡು."

ಅವನು ಹೇಳಿದಂತೆಯೇ ಬರೆದು ಸಹಿ ಹಾಕಿದಳು.

"ಈಗ ಬಂತು ನೋಡಿ ಮಾವ, ಬುದ್ಧಿ," ಎನ್ನುತ್ತ ಅವನು ಬಾಗಿಲು ಬಿಟ್ಟ.

ಒಳಗೆ ಹೋಗಿ ಅವಳು ಅಮ್ಮನ ತಣ್ಣಗಿನ ಪಾದಕ್ಕೆ ಹಣೆ ಹಚ್ಚಿದಳು.

'ದೇವರೇ, ಚೆಲ್ಲಿದ್ದೇ ಔಷಧಿಯೆಂದು ಅಣ್ಣನಿಗೆ ಎಂದೂ ತಿಳಿಯದಿರಲಿ. ಅಮ್ಮನ ಆತ್ಮಕ್ಕೆ ಶಾಂತಿ ಕೊಡು.'